ಹಲಸಿನ ಮರದ ತಂತಿ

ನಿನ್ನೆ ರಾತ್ರಿ ನಮ್ಮ ‘ಅಜ್ಜನ ಮನೆ’ ಗುಂಪಿನಲ್ಲಿ ಚಿಕ್ಕಪ್ಪ ಸ್ಟೆಂಟ್ ಬಗ್ಗೆ, ಅಂದರೆ ಕಿರಿದಾದ ಹೃದಯದ ರಕ್ತನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಪುಟ್ಟ ತಂತಿಬಲೆಯ ಬಗ್ಗೆ, ಒಂದು ಫಾರ್ವರ್ಡ್ ಹಾಕಿದರು. ಇವತ್ತು ಮಧ್ಯಾಹ್ನದವರೆಗೂ ಜಗಳ ನಡೆಯಿತು. ಇಂಥದ್ದು ಬೇರೆ ಮನೆಗಳಿಗೂ ಬಂದಿರಬಹುದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಪ್ಪ (ಫಾರ್ವರ್ಡ್): ಎಚ್ಚರ!! ಈಗ ಆಸ್ಪತ್ರೆಗಳು ಕೂದಲೆಳೆಯಂಥ ತೆಳು ತಂತಿಯ ಸ್ಟೆಂಟ್ ಹಾಕುತ್ತಿವೆ. ಅದಕ್ಕೇ ವರ್ಷದೊಳಗೆ ರಕ್ತನಾಳ ಮತ್ತೆ ಮುಚ್ಚಿಕೊಳ್ಳುತ್ತದೆ. ದಪ್ಪ ತಂತಿಯದ್ದನ್ನೇ ಕೇಳಿ ಹಾಕಿಸಿಕೊಳ್ಳಿ. ಹತ್ತು ಜನರಿಗೆ ಕಳಿಸಿ.

ಅತ್ತೆ: ಎಲ್ಲದರಲ್ಲೂ ಕಳಪೆ. ಆಗಿನ ಪಾತ್ರೆ, ಆಗಿನ ಬೀಗ ಹೇಗಿದ್ದವು! ಬೆಳಿಗ್ಗೆ ಬೇಗ ಎದ್ದು ನಡೆದರೆ ಇದ್ಯಾವುದೂ ಬೇಕಾಗಲ್ಲ.

ಅಕ್ಕ: ಯಾವ ಡಾಕ್ಟರ್ ಹೇಳಿದ್ದು ಚಿಕ್ಕಪ್ಪ? ಒಂದು ಹೆಸರೂ ಇಲ್ಲವಲ್ಲ.

ಚಿಕ್ಕಪ್ಪ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಅಪ್ಪನಿಗೆ ಹಾಕಿದ್ದು ಎಂಟೇ ತಿಂಗಳಿಗೆ ಮುಚ್ಚಿಕೊಳ್ಳಲಿಲ್ವಾ?

ದೊಡ್ಡಪ್ಪ: ಅದು ಔಷಧಿ ಲೇಪ ಇಲ್ಲದ ಬರಿ ಸ್ಟೆಂಟ್. ಆರಿಸಿದ್ದು ಯಾರು?

ಚಿಕ್ಕಪ್ಪ: ಲೇಪದ್ದಕ್ಕೆ ಲಕ್ಷದ ಮೇಲೆ ಕೇಳಿದರು ಅಣ್ಣ. ನೀವು ಕಳಿಸುತ್ತೇನೆ ಎಂದ ದುಡ್ಡು ಬಂದದ್ದು ಎಲ್ಲ ಮುಗಿದ ಮೇಲೆ.

ದೊಡ್ಡಪ್ಪ: 2016ರ ಡಿಸೆಂಬರ್ ಅದು. ನೋಟು ರದ್ದಾಗಿ ಬ್ಯಾಂಕಿನ ಮುಂದೆ ಕ್ಯೂ ನಿಂತಿದ್ದೆ. ನಿನಗೆ ಗೊತ್ತಿಲ್ವಾ?

ಅಕ್ಕ: 2017ರ ಫೆಬ್ರವರಿಯಲ್ಲಿ ಸರ್ಕಾರ ಬೆಲೆಗೆ ಮಿತಿ ಹಾಕಿತು. ಲೇಪದ್ದಕ್ಕೆ 29,600 ರೂಪಾಯಿ, ಬರಿಯದ್ದಕ್ಕೆ 7,260. ತೆರಿಗೆ ಬೇರೆ. ಅಜ್ಜನಿಗೆ ಎರಡು ತಿಂಗಳು ಮೊದಲೇ ಬೇಕಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಭಾವ: ಆ ಹಲಸಿನ ಮರ ಇನ್ನೂ ಇದೆಯಾ? ಬಟ್ಟೆ ಒಣಹಾಕಲು ಅಜ್ಜ ತಂತಿ ಸುತ್ತಿದ್ದರಲ್ಲ. ಕೊನೆಗೆ ತಂತಿ ತೊಗಟೆಯೊಳಗೆ ಮುಳುಗಿಹೋಗಿತ್ತು. ಬೆರಳು ಹಾಕಿ ಹುಡುಕುತ್ತಿದ್ದೆವು.

ಅತ್ತೆ: ಆ ಮರದ ತೊಳೆ ಜೇನು ಕಣೋ.

ನಾನು: ಭಾವ, ನೀವು ಹೇಳಿದ್ದೇ ಇಲ್ಲಿನ ವಿಷಯ. ರಕ್ತನಾಳ ತೋಟದ ಪೈಪಲ್ಲ, ಅದಕ್ಕೂ ಮರದ ಹಾಗೆ ಜೀವ ಇದೆ. ಬಲೂನು ಊದಿ ಸ್ಟೆಂಟನ್ನು ಗೋಡೆಗೆ ಒತ್ತಿದಾಗ ಗಾಯವಾಗುತ್ತದೆ. ಗಾಯ ಮಾಯುವಾಗ ಜೀವಕೋಶಗಳು ತಂತಿಯ ಮೇಲೆ ಬೆಳೆಯುತ್ತವೆ. ತೆಳುವಾಗಿ ಮುಚ್ಚಿದರೆ ಒಳ್ಳೆಯದೇ. ಅತಿಯಾಗಿ ಬೆಳೆದರೆ ದಾರಿ ಮತ್ತೆ ಕಿರಿದಾಗುತ್ತದೆ. ತಂತಿ ದಪ್ಪ ಇದ್ದರೆ ಗಾಯ ಜಾಸ್ತಿ, ಹರಿಯುವ ರಕ್ತಕ್ಕೂ ಅಡ್ಡಿ. ಅಕ್ಕ, ಸಾಕ್ಷಿ ಕೇಳಿದೆಯಲ್ಲ: ಜರ್ಮನಿಯ ಇಸಾರ್-ಸ್ಟೀರಿಯೋ ಅಧ್ಯಯನ, 2001. ಎರಡೂ ಬರಿ ಸ್ಟೆಂಟ್, ವಿನ್ಯಾಸ ಹೆಚ್ಚುಕಡಿಮೆ ಒಂದೇ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 50 ಮೈಕ್ರಾನ್ ತಂತಿಯದ್ದರಲ್ಲಿ ನೂರಕ್ಕೆ 15 ಜನರಿಗೆ ಮತ್ತೆ ಕಿರಿದಾಯಿತು. 140 ಮೈಕ್ರಾನಿನದ್ದರಲ್ಲಿ ಸುಮಾರು 26 ಜನರಿಗೆ. ಫಾರ್ವರ್ಡ್ ಹೇಳುವುದು ಪೂರ್ತಿ ತಲೆಕೆಳಗು. ಈಗ ಹೆಚ್ಚಾಗಿ ಕೋಬಾಲ್ಟ್ ಕ್ರೋಮಿಯಂ ಎಂಬ ಮಿಶ್ರಲೋಹದಲ್ಲಿ ಮಾಡುವುದರಿಂದ ತೆಳುವಾದರೂ ಗಟ್ಟಿ ಇರುತ್ತದೆ. ಮೇಲೆ ಲೇಪಿಸಿದ ಔಷಧಿ ಆ ಬೆಳವಣಿಗೆಯನ್ನು ತಡೆಯುತ್ತದೆ.

ಚಿಕ್ಕಪ್ಪ: ಇಷ್ಟುದ್ದ ಯಾರು ಓದುತ್ತಾರೆ? ನಾನು ಸುಳ್ಳು ಹೇಳಿದೆ ಅಂತಾನಾ?

ಅತ್ತೆ: ದೊಡ್ಡವರಿಗೆ ಪಾಠ ಹೇಳುವ ಕಾಲ ಬಂತು.

ದೊಡ್ಡಮ್ಮ: ಹಾಗಾದರೆ ನನಗೆ ಹಾಕಿದ್ದು ತೆಳುವಾ, ದಪ್ಪವಾ?

ದೊಡ್ಡಪ್ಪ: 2016ರ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ. ಯಾರು ಎಷ್ಟು ಕೊಟ್ಟರು, ಫೋಟೋ ತೆಗೆದು ಹಾಕುತ್ತೇನೆ.

ದೊಡ್ಡಮ್ಮನಿಗೆ ಸ್ಟೆಂಟ್ ಹಾಕಿ ಐದು ತಿಂಗಳಾಗಿದೆ. ಅವರು ಗುಂಪಿನಲ್ಲಿ ಬರೆಯುವುದೇ ಅಪರೂಪ. ಕೇಳಿದ ಒಂದು ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಒಂದೇ ಮನೆಯಲ್ಲಿರುವ ದೊಡ್ಡಪ್ಪನೂ ಕೊಡಲಿಲ್ಲ. ನನಗೆ ತಡೆಯಲಾಗದೆ ಫೋನ್ ಮಾಡಿದೆ.

“ಹೇಗೂ ಮುಚ್ಚಿಕೊಳ್ಳುತ್ತಂತಲ್ಲ ಮಗಳೇ. ಮಾತ್ರೆ ಯಾಕೆ ಅಂತ ರಾತ್ರಿಯದ್ದು ತಗೊಂಡಿಲ್ಲ,” ಎಂದರು.

ನನ್ನ ಕೈ ತಣ್ಣಗಾಯಿತು. ನಿಮಗೆ ಹಾಕಿದ್ದು ಲೇಪ ಇರುವ ಹೊಸ ಸ್ಟೆಂಟ್, ಅಜ್ಜನದ್ದರಂತೆ ಅಲ್ಲ ಎಂದೆ. ಮೆಲ್ಲಗೆ ಕಿರಿದಾಗುವುದೇ ಬೇರೆ, ರಕ್ತ ಹೆಪ್ಪುಗಟ್ಟಿ ಒಮ್ಮೆಗೇ ಮುಚ್ಚುವುದೇ ಬೇರೆ. ತಂತಿಯ ಮೇಲೆ ಪದರ ಸರಿಯಾಗಿ ಕೂರುವವರೆಗೆ ಆ ಎರಡನೆಯದನ್ನು ತಡೆಯುವುದು ಈ ಮಾತ್ರೆಗಳೇ. ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬಾರದು. ದೊಡ್ಡಪ್ಪನಿಗೆ ಫೋನ್ ಕೊಡಿ ಎಂದೆ. ಅವರು ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ಇವತ್ತಿನದ್ದು ಈಗಲೇ ತಗೊಳ್ಳಲಿ, ಎರಡು ಸಲದ್ದನ್ನು ಒಟ್ಟಿಗೆ ನುಂಗುವುದು ಬೇಡ ಎಂದರಂತೆ.

ಬಿಲ್ಲಿನ ಫೋಟೋ ಮಾತ್ರ ಗುಂಪಿಗೆ ಬರಲಿಲ್ಲ.

ಸಂಜೆ ಚಿಕ್ಕಪ್ಪ ನನಗೆ ಬೇರೆಯಾಗಿ ಮೆಸೇಜ್ ಮಾಡಿದರು. “ನೀನು ಬರೆದದ್ದು ಓದಿದೆ. ಅಪ್ಪನಿಗೆ ಹಾಕಿಸಿದ್ದು ಎಷ್ಟು ಮೈಕ್ರಾನಿನದ್ದು ಅಂತ ಈಗ ತಿಳಿಯುತ್ತಾ?”

ಅಜ್ಜನ ಹಳೆಯ ಫೈಲು ನಮ್ಮ ಅಟ್ಟದ ಮೇಲಿದೆ. ಭಾನುವಾರ ಬನ್ನಿ, ಇಬ್ಬರೂ ಕೂತು ನೋಡೋಣ ಎಂದು ಬರೆದೆ.