ಪದಚರ್ಚೆ: ಬ್ಲಿಂಪ್‌ಗೆ ‘ವಾಯುನೌಕೆ’ ಎಂದರೆ ಸಾಕೇ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಗೋಡೆಪತ್ರಿಕೆಗೆ ಹಾರಾಟದ ಚರಿತ್ರೆ ಬರೆಯುತ್ತಿದ್ದೇವೆ. ಬ್ಲಿಂಪ್, ಜೆಪ್ಪೆಲಿನ್, ಏರೋಸ್ಟ್ಯಾಟ್ – ಹಗುರ ಅನಿಲ ತುಂಬಿ ತೇಲುವ ಈ ಮೂರಕ್ಕೂ ‘ವಾಯುನೌಕೆ’ ಎಂದೇ ಹಾಕಿದ್ದೇವೆ. ಬ್ಲಿಂಪ್ ಅಡಿಯಲ್ಲಿ ಹಿಂಡನ್‌ಬರ್ಗ್ ಉರಿಯುವ ಚಿತ್ರ ಇದೆ. ಸರಿಯೇ? ಬ್ಲಿಂಪ್ ಒಳಗಿನ ಗಾಳಿಚೀಲ ‘ಬ್ಯಾಲೊನೆಟ್’ಗೆ ಕನ್ನಡದಲ್ಲಿ ಏನನ್ನಬಹುದು?

ಉತ್ತರ (ಚಿಂತಾಮಣಿಯಿಂದ)

ಮೇಡಂ, ಮೊದಲು ಆ ಚಿತ್ರ ತೆಗೆಸಿ. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಉರಿದ ಹಿಂಡನ್‌ಬರ್ಗ್ ಜೆಪ್ಪೆಲಿನ್, ಬ್ಲಿಂಪ್ ಅಲ್ಲ. ಅದಕ್ಕೆ ಲೋಹದ ಚೌಕಟ್ಟಿತ್ತು, ಅನಿಲ ಸೋರಿದರೂ ಆಕಾರ ಉಳಿಯುತ್ತಿತ್ತು. ತುಂಬಿದ್ದದ್ದು ಹೈಡ್ರೋಜನ್. ಬ್ಲಿಂಪ್‌ಗೆ ಚೌಕಟ್ಟೇ ಇಲ್ಲ. ಒಳಗಿನ ಒತ್ತಡವೇ ಅದನ್ನು ಬಿಗಿಯಾಗಿ ನಿಲ್ಲಿಸುತ್ತದೆ. ಇಂದಿನವುಗಳಲ್ಲಿ ಹೀಲಿಯಂ ಇರುತ್ತದೆ, ಹೊತ್ತಿಕೊಳ್ಳುವುದಿಲ್ಲ.

ಆ ಒತ್ತಡವೂ ಅಲ್ಪ. ಅಮೆರಿಕದ ಟೈರ್ ಕಂಪನಿ ಗುಡ್‌ಇಯರ್‌ನ ಹಳೆಯ ಬ್ಲಿಂಪ್ ಜಿಝಡ್-20 ಮಾದರಿಯಲ್ಲಿ 5,740 ಘನ ಮೀಟರ್ ಹೀಲಿಯಂ ಇತ್ತು. ಒಳಗಿನ ಒತ್ತಡ ಹೊರಗಿನದಕ್ಕಿಂತ ಶೇ 0.5ರಷ್ಟೇ ಹೆಚ್ಚು. ಹಾಗಾಗಿ ಸಣ್ಣ ತೂತು ಬಿದ್ದರೆ ಸಿಡಿಯುವುದಿಲ್ಲ, ನಿಧಾನವಾಗಿ ಸೋರುತ್ತದೆ.

ಇನ್ನು ಬ್ಯಾಲೊನೆಟ್. ದೊಡ್ಡ ಹೊದಿಕೆಯೊಳಗೆ, ಸಾಮಾನ್ಯವಾಗಿ ಮುಂದೊಂದು ಹಿಂದೊಂದು, ಬರೀ ಗಾಳಿ ತುಂಬುವ ಚೀಲಗಳಿರುತ್ತವೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಹೀಲಿಯಂ ಹಿಗ್ಗುತ್ತದೆ. ಆಗ ಕವಾಟ ತೆರೆದು ಚೀಲದ ಗಾಳಿ ಬಿಡಬೇಕು. ಚಿಕ್ಕಬಳ್ಳಾಪುರದ ಬಯಲಿಂದ ನಂದಿ ಬೆಟ್ಟದ ನೆತ್ತಿಯ ಮಟ್ಟಕ್ಕೆ ಏರುವುದು ಎಂದಿಟ್ಟುಕೊಳ್ಳಿ. ಸುಮಾರು 550 ಮೀಟರ್. ಹೀಲಿಯಂ ಶೇ 5–6ರಷ್ಟು ಹಿಗ್ಗುತ್ತದೆ. ಜಿಝಡ್-20ರಷ್ಟು ದೊಡ್ಡದಾದರೆ 300 ಘನ ಮೀಟರ್ ಗಾಳಿ ಹೊರಹೋಗಬೇಕು. ಚೀಲಗಳು ಪೂರ್ತಿ ಬರಿದಾಗುವ ಎತ್ತರವೇ ಮಿತಿ. ಅದನ್ನು ದಾಟಿದರೆ ಹೀಲಿಯಂ ಅನ್ನೇ ಹೊರಬಿಡಬೇಕು, ಇಲ್ಲವೇ ಹೊದಿಕೆ ಹರಿಯುತ್ತದೆ.

ಇಳಿಯುವಾಗ ಇದಕ್ಕೆ ತಿರುಗುಮುರುಗು. ಪ್ರೊಪೆಲ್ಲರ್ ಹಿಂದಿನ ಗಾಳಿಯನ್ನು ಕೊಳವೆಯಿಂದ ಹಿಡಿದು ಚೀಲಕ್ಕೆ ತುಂಬುತ್ತಾರೆ. ಇದು ತಡವಾದರೆ ಹೊದಿಕೆ ಸಡಿಲಗೊಂಡು ಎದುರುಗಾಳಿಗೆ ಮೂತಿ ಒಳಸರಿಯುತ್ತದೆ, ಬಾಲದ ರೆಕ್ಕೆಗಳು ಜೋಲುತ್ತವೆ, ಚುಕ್ಕಾಣಿ ಹಿಡಿತಕ್ಕೆ ಸಿಗುವುದಿಲ್ಲ. ಮೂತಿಗೆ ಪಟ್ಟಿಗಳ ಬಿಗಿ ಕೊಡುವುದು ಅದಕ್ಕೇ. ಮುಂದಿನ ಚೀಲಕ್ಕೆ ಹೆಚ್ಚು ಗಾಳಿ ತುಂಬಿದರೆ ಮೂತಿ ತಗ್ಗುತ್ತದೆ, ಹಿಂದಿನದಕ್ಕೆ ತುಂಬಿದರೆ ಏಳುತ್ತದೆ.

ನನ್ನ ಸಲಹೆ: ‘ಒಳತಿದಿ’. ಕುಲುಮೆಯ ತಿದಿ ಎಂದರೆ ಊರ ಮಕ್ಕಳಿಗೂ ಗೊತ್ತು.

ಉತ್ತರ (ಕೋಲಾರದಿಂದ)

ಚಿಂತಾಮಣಿಯವರ ವಿವರಣೆ ಒಪ್ಪುತ್ತೇನೆ, ಪದ ಒಪ್ಪಲಾರೆ ಸರ್. ತಿದಿ ಗಾಳಿಯನ್ನು ಬೆಂಕಿಗೆ ಊದುತ್ತದೆ. ಇದು ಗಾಳಿಯನ್ನು ಹಿಡಿದಿಟ್ಟು ಜಾಗ ತುಂಬುತ್ತದೆ. ‘ಒಳಗಾಳಿಚೀಲ’ ಉದ್ದವಾದರೂ ಅರ್ಥ ತಪ್ಪಿಸದು. ಅಲ್ಲದೆ ಕುಲುಮೆ ನೋಡಿದ ಮಕ್ಕಳು ಈಗ ಎಷ್ಟಿದ್ದಾರೋ!

‘ವಾಯುನೌಕೆ’ ಇಡೀ ಕುಲದ ಹೆಸರಾಗಿರಲಿ. 1852ರಲ್ಲಿ ಆವಿ ಎಂಜಿನ್ ಕಟ್ಟಿ ಹಾರಿದ ಹೆನ್ರಿ ಜಿಫಾರ್‌ನದೂ ವಾಯುನೌಕೆಯೇ, 1900ರ ಜುಲೈ 2ರಂದು ಹಾರಿದ ಮೊದಲ ಜೆಪ್ಪೆಲಿನ್ ಕೂಡ. ಅದರೊಳಗಿನ ‘ಚೌಕಟ್ಟಿಲ್ಲದ ವಾಯುನೌಕೆ’ಗೆ ಬ್ಲಿಂಪ್ ಎಂದೇ ಉಳಿಸಿಕೊಳ್ಳಿ. 1915ರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಹೊದಿಕೆಯನ್ನು ಬೆರಳಲ್ಲಿ ಮಿಡಿದಾಗ ಬಂದ ಸದ್ದೇ ಹೆಸರಾಯಿತು ಎಂಬ ಕಥೆಯುಂಟು. ಸದ್ದನ್ನು ಅನುವಾದಿಸುವ ಕಷ್ಟ ಯಾಕೆ?

ಒಂದು ತೊಡಕು. ಗುಡ್‌ಇಯರ್ 2014ರಿಂದ ಹಾರಿಸುತ್ತಿರುವ ಜೆಪ್ಪೆಲಿನ್ ಎನ್‌ಟಿ ಒಳಗೆ ಅಲ್ಯೂಮಿನಿಯಂ, ಕಾರ್ಬನ್ ನಾರಿನ ಚೌಕಟ್ಟಿದೆ. ಜನ ಅದನ್ನೂ ಬ್ಲಿಂಪ್ ಅನ್ನುತ್ತಾರೆ, ಲೆಕ್ಕಕ್ಕೆ ಅದು ಅರೆ ಚೌಕಟ್ಟಿನದು. ಚಿತ್ರ ಬೇಕಾದರೆ ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಅಮೆರಿಕ ನೌಕಾಪಡೆಯ ‘ಕೆ’ ವರ್ಗದ್ದು ಹಾಕಿ, ಅದು ಅಪ್ಪಟ ಬ್ಲಿಂಪ್.

ಏರೋಸ್ಟ್ಯಾಟ್ ಅನ್ನು ಈ ಸಾಲಿನಿಂದಲೇ ಹೊರಗಿಡಿ. ಆಗ್ರಾದ ಡಿಆರ್‌ಡಿಒ ಪ್ರಯೋಗಾಲಯ ಮಾಡಿದ ‘ಆಕಾಶದೀಪ’ದಂಥವು ಹಗ್ಗಕ್ಕೆ ಕಟ್ಟಿ ಮೇಲೆ ನಿಲ್ಲಿಸುವಂಥವು. ಮುಂದೂಡುವ ಎಂಜಿನ್ ಇಲ್ಲ, ನಡೆಸುವವರಿಲ್ಲ, ನೌಕೆ ಹೇಗಾದೀತು? ‘ಕಟ್ಟುಬಲೂನು’ ಎಂದು ಬರೆಯಿರಿ.