ನಾಯಿ ಕೊಡೋ ಲೈಬ್ರರಿ, ನೋಟ್ಸ್ ಕೊಡದ ಭಾವ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕಾನೂನು ಓದಿದವರು ದೊಡ್ಡಪ್ಪ, ಶಿವಮೊಗ್ಗದ ಮಾವ ಮತ್ತು ನಾನು. ಹಾಗಾಗಿ ಕಾನೂನಿನ ಬಗ್ಗೆ ಏನೇ ಬಂದರೂ ಜಗಳ ಗ್ಯಾರಂಟಿ. ಮೊನ್ನೆ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದರು. ಅವರ ಮಗಳು ಪುಟ್ಟಿಗೆ ಎಲ್‌ಎಲ್‌ಬಿಯಲ್ಲಿ ಒಂದು ಪೇಪರ್ ಬ್ಯಾಕ್ ಉಳಿದಿದೆ. ಯಾಕೆ ಹಾಕಿದರು ಅಂತ ಬಿಡಿಸಿ ಹೇಳಬೇಕಿಲ್ಲ.

*"ಅಮೆರಿಕದ ನಂಬರ್ 1 ಲಾ ಕಾಲೇಜು ಯೇಲ್‌ನಲ್ಲಿ ಪರೀಕ್ಷೆಯೇ ಇಲ್ಲ!! ಮಾರ್ಕ್ಸ್ ಇಲ್ಲ, ರ‍್ಯಾಂಕ್ ಇಲ್ಲ. ಎಲ್ಲರೂ ನೋಟ್ಸ್ ಹಂಚಿಕೊಂಡು ಓದುತ್ತಾರೆ. ಬೇಜಾರಾದರೆ ಲೈಬ್ರರಿಯಲ್ಲಿ ನಾಯಿ ಕೊಡುತ್ತಾರೆ. ನಮ್ಮ ಮಕ್ಕಳ ಗತಿ?? ಎಲ್ಲರಿಗೂ ಕಳಿಸಿ."*

ಐಟಿ ಅಣ್ಣ: ಮೂಲ ಎಲ್ಲಿದೆ ಚಿಕ್ಕಮ್ಮ? ಲೈಬ್ರರಿಯಲ್ಲಿ ನಾಯಿ ಅಂದಾಗಲೇ ಗೊತ್ತಾಗುತ್ತೆ ಬುರುಡೆ ಅಂತ. ಪರೀಕ್ಷೆ ಇಲ್ಲ ಅನ್ನೋದು ಬೇಕಾದರೆ ನಿಜ ಇರಬಹುದು.

ದೊಡ್ಡಪ್ಪ: ಪರೀಕ್ಷೆ ಇಲ್ಲದ ವಿದ್ಯೆ ಒಂದು ವಿದ್ಯೆಯೇ? ನಾವು ಲಾಟೀನಿನ ಬೆಳಕಿನಲ್ಲಿ ಓದಿದವರು.

ಮೈಸೂರಕ್ಕ: ನೀವು ಓದಿದ್ದು ಬೆಂಗಳೂರಲ್ಲಿ ಅಲ್ವಾ ದೊಡ್ಡಪ್ಪ? 😄

ದೊಡ್ಡಪ್ಪ: ಕರೆಂಟ್ ಹೋಗುತ್ತಿತ್ತು.

ನನಗೆ ಸುಮ್ನಿರಲು ಆಗಲಿಲ್ಲ. ಬರೆದೆ:

"ಅಣ್ಣಾ, ನೀನು ಹೇಳಿದ್ದು ಉಲ್ಟಾ. ನಾಯಿ ನಿಜ. 2011ರಲ್ಲಿ ಯೇಲ್ ಲಾ ಸ್ಕೂಲಿನ ಲೈಬ್ರರಿ ಮಾಂಟಿ ಅನ್ನೋ ನಾಯಿಯನ್ನು ಅರ್ಧ ಗಂಟೆಗೆ ಪುಸ್ತಕದ ಹಾಗೇ ಎರವಲು ಕೊಡುವ ಪ್ರಯೋಗ ಮಾಡಿತ್ತು, ಓದಿನ ಟೆನ್ಷನ್ ಇಳಿಸೋಕೆ. ಪರೀಕ್ಷೆ ಇಲ್ಲ ಅನ್ನೋದು ಸುಳ್ಳು. ಮೊದಲ ಟರ್ಮಿಗೆ ಮಾತ್ರ ಗ್ರೇಡ್ ಇಲ್ಲ, ಪಾಸು ಇಲ್ಲಾ ಫೇಲು ಅಷ್ಟೇ. ಆಮೇಲೆ ಆನರ್ಸ್, ಪಾಸ್, ಲೋ ಪಾಸ್, ಫೇಲ್. ಕ್ಲಾಸಿನಲ್ಲಿ ರ‍್ಯಾಂಕ್ ಕೊಡಲ್ಲ."

ಮುಂದಿನ ಮೆಸೇಜಿನಲ್ಲಿ ಅಸಲಿ ವಿಷಯ ಹಾಕಿದೆ. ಯೇಲ್‌ನಲ್ಲಿ ವರ್ಷಕ್ಕೆ ಸೇರುವವರೇ ಸುಮಾರು 200 ಜನ. ಹಾರ್ವರ್ಡ್‌ನಲ್ಲಿ ಐನೂರರ ಮೇಲೆ. ಯೇಲ್‌ನಲ್ಲಿ ಮೊದಲ ಟರ್ಮಿನ ಒಂದು ವಿಷಯವನ್ನು ಹದಿನೈದು ಹದಿನಾರು ಜನರ ಗುಂಪಿಗೆ ಒಬ್ಬರು ಪ್ರೊಫೆಸರ್ ಕಲಿಸುತ್ತಾರೆ. ಎರಡನೇ ಟರ್ಮಿನಿಂದಲೇ ಕ್ಲಿನಿಕ್ ಸೇರಬಹುದು. ಅಂದರೆ ಮೇಷ್ಟ್ರ ಕಣ್ಗಾವಲಿನಲ್ಲಿ ನಿಜವಾದ ಕಕ್ಷಿದಾರರ ನಿಜವಾದ ಕೇಸು. ಅಮೆರಿಕದ ಬಹಳಷ್ಟು ಲಾ ಸ್ಕೂಲುಗಳಲ್ಲಿ ಇಷ್ಟೇ ಜನಕ್ಕೆ ಎ ಗ್ರೇಡ್ ಅಂತ ಲೆಕ್ಕ ಇರುತ್ತೆ. ಪಕ್ಕದವನಿಗೆ ನೋಟ್ಸ್ ಕೊಟ್ಟರೆ ನಮ್ಮ ಎ ಅವನಿಗೆ ಹೋಗಬಹುದು. ಯೇಲ್‌ನಲ್ಲಿ ಆ ಭಯ ಕಮ್ಮಿ.

ಇಷ್ಟಕ್ಕೆ ಸಿಕ್ಕಿದ್ದು ಒಂದು 👍. ಅದೂ ಚಿಕ್ಕಮ್ಮನದು. ಓದಿರಲಾರರು.

ದೊಡ್ಡಪ್ಪ: ಕಾಲೇಜಿಗೆ ನಂಬರ್ 1 ರ‍್ಯಾಂಕ್ ಬೇಕು, ಹುಡುಗರಿಗೆ ಬೇಡವೋ?

ನಾನು: ಅದನ್ನೂ ಬಿಟ್ಟರು ದೊಡ್ಡಪ್ಪ. 2022ರ ನವೆಂಬರಿನಲ್ಲಿ, ಕಾಲೇಜುಗಳಿಗೆ ನಂಬರ್ ಕೊಡೋ ಯು.ಎಸ್. ನ್ಯೂಸ್‌ನವರ ರ‍್ಯಾಂಕಿಂಗ್ ಪಟ್ಟಿಯಿಂದ ಹೊರಬರ್ತೀವಿ ಅಂತ ಯೇಲ್‌ನವರೇ ಮೊದಲು ಹೇಳಿದ್ದು. ಆಗ ಪಟ್ಟಿಯಲ್ಲಿ ಮೊದಲ ಸ್ಥಾನ ಅವರದ್ದೇ.

ದೊಡ್ಡಪ್ಪ: ಗೆದ್ದವರಿಗೆ ವೈರಾಗ್ಯ ಸುಲಭ.

ಇದೊಂದು ಮಾತು ನನಗೂ ಹಿಡಿಸಿತು. ಅಲ್ಲಿಗೆ ಸೀಟು ಸಿಗುವ ಹೊತ್ತಿಗೇ ಪೈಪೋಟಿಯೆಲ್ಲ ಮುಗಿದಿರುತ್ತೆ. ಆಮೇಲೆ ನೋಟ್ಸ್ ಹಂಚಿಕೊಳ್ಳಲು ಯಾರಿಗೇನು ಕಷ್ಟ? ಇದನ್ನು ಬರೆಯೋಣ ಅಂತ ಟೈಪ್ ಮಾಡುತ್ತಿದ್ದೆ, ಅಷ್ಟರಲ್ಲಿ ಮೈಸೂರಕ್ಕ ನಾಯಿ ಹಿಡಿದುಕೊಂಡರು.

ಮೈಸೂರಕ್ಕ: ಅಜ್ಜಿ ಮನೆ ಕರಿಯ ನೆನಪಿದ್ಯಾ? ಯಾರಾದ್ರೂ ಅತ್ತರೆ ಬಂದು ಪಕ್ಕ ಕೂತ್ಕೋತಿದ್ದ. 😢

ಚಿಕ್ಕಮ್ಮ: ಅದು ರಾಮು. ಕರಿಯ ಅದಕ್ಕೂ ಮುಂಚೆ.

ಅತ್ತೆ: ಕರಿಯ ನಮ್ಮದಲ್ಲ, ಶಾನುಭೋಗರ ಮನೇದು. ಊಟಕ್ಕೆ ಮಾತ್ರ ನಮ್ಮನೆಗೆ ಬರ್ತಿತ್ತು.

ಒಂದು ಗಂಟೆ ಇದೇ ನಡೆಯಿತು. ಐಟಿ ಅಣ್ಣ ಇದಕ್ಕೂ ಫೋಟೋ ಸಾಕ್ಷಿ ಕೇಳಿದ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಾಗ ಮಾವ ಬಂದರು. ಅವರು ಯಾವಾಗಲೂ ತಡವಾಗಿಯೇ ಬರುವುದು.

ಮಾವ: ನೋಟ್ಸ್ ಹಂಚಿಕೊಳ್ಳೋದು ಅಂದ್ರೇನು ಅಂತ ಭಾವನವರನ್ನು ಕೇಳಿ. 1984. ಸಂಜೆ ಕಾಲೇಜು. ಕಾಂಟ್ರ್ಯಾಕ್ಟ್ ಪೇಪರ್.

ದೊಡ್ಡಪ್ಪ: ಮತ್ತೆ ಶುರು.

ಮಾವ: ನೋಟ್ಸ್ ಊರಲ್ಲಿದೆ ಅಂದಿರಿ. ಪರೀಕ್ಷೆ ಮುಗಿದ ಮೇಲೆ ನೋಡಿದರೆ ನಿಮ್ಮ ಟ್ರಂಕಿನ ತಳದಲ್ಲೇ ಇತ್ತು. ಮೂರು ಮಾರ್ಕ್ಸಿಗೆ ನಾನು ಡುಮ್ಕಿ.

ದೊಡ್ಡಪ್ಪ: ಇನ್ನೊಬ್ಬರ ಟ್ರಂಕ್ ತೆಗೆಯೋದು ಯಾವ ಸೆಕ್ಷನ್?

ಮಾವ: ಕೊಡ್ತೀನಿ ಅಂತ ಮಾತು ಕೊಟ್ಟಿದ್ದಿರಿ.

ದೊಡ್ಡಪ್ಪ: ಪ್ರತಿಫಲ ಇಲ್ಲದ ಕರಾರು ನಿಲ್ಲಲ್ಲ. ಕಾಂಟ್ರ್ಯಾಕ್ಟ್ ಆ್ಯಕ್ಟ್ 1872, ಸೆಕ್ಷನ್ 25.

ಮಾವ: ಹತ್ತಿರದ ಸಂಬಂಧಿಕರು ಪ್ರೀತಿಯಿಂದ ಕೊಟ್ಟ ಮಾತಿಗೆ ಪ್ರತಿಫಲ ಬೇಡ. ಅದೂ ಸೆಕ್ಷನ್ 25ರಲ್ಲೇ ಇದೆ.

ದೊಡ್ಡಪ್ಪ: ಬರೆದು ರಿಜಿಸ್ಟರ್ ಮಾಡಿಸಿದ್ದರೆ ಮಾತ್ರ. ಅಲ್ಲದೆ ಆಗ ನೀವು ಸಂಬಂಧಿಕರಾಗಿರಲಿಲ್ಲ. ಮದುವೆ ಆಗಿದ್ದು 1986.

ಅತ್ತೆ: ನನ್ನನ್ಯಾಕೆ ಎಳೀತೀರಿ ಇದರಲ್ಲಿ?

ಕಾನೂನಿನ ಮಟ್ಟಿಗೆ ಇಬ್ಬರದೂ ಸರಿ ಇತ್ತು. ಡುಮ್ಕಿ ಹೊಡೆದವರಿಗೂ ಸೆಕ್ಷನ್ ಬಾಯಿಪಾಠ. ಯೇಲ್ ಯಾರಿಗೂ ನೆನಪಿರಲಿಲ್ಲ. ಐಟಿ ಅಣ್ಣ ಮಾತ್ರ "ಹಾಗಾದರೆ ನಾಯಿಗೆ ಮೂಲ?" ಅಂತ ಇನ್ನೊಮ್ಮೆ ಕೇಳಿದ. ಲಿಂಕ್ ಕಳಿಸಿದೆ. ತೆಗೆದು ನೋಡಲಿಲ್ಲ ಅಂತ ಆಮೇಲೆ ಅತ್ತಿಗೆ ಹೇಳಿದರು.

ರಾತ್ರಿ ಪುಟ್ಟಿ ಬಂದಳು. ಗುಂಪಿನಲ್ಲಿ ಅವಳು ಮಾತಾಡುವುದೇ ಅಪರೂಪ.

ಪುಟ್ಟಿ: ದೊಡ್ಡಪ್ಪ, ನನಗೆ ಬ್ಯಾಕ್ ಉಳಿದಿರೋದು ಕಾಂಟ್ರ್ಯಾಕ್ಟೇ. ನಿಮ್ಮ ನೋಟ್ಸ್ ಇನ್ನೂ ಇದ್ಯಾ?

ನೀಲಿ ಟಿಕ್ ಬಿತ್ತು. ಬಹಳ ಹೊತ್ತು ಏನೂ ಇಲ್ಲ.

ದೊಡ್ಡಪ್ಪ: ಹುಡುಕಬೇಕಮ್ಮ. ಊರಲ್ಲಿರಬೇಕು.

ಮಾವ: ಟ್ರಂಕಿನ ತಳದಲ್ಲಿ ನೋಡಿ.