ವೆಬಿನಾರ್: ಜಾಲಗೋಷ್ಠಿಯೋ, ಜಾಲಸಂಕಿರಣವೋ?

ಮಾನ್ಯರೇ,

ಕಾಳಿ ನದಿ ಕಡಲು ಸೇರುವಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಕುರಿತು ಕಾರವಾರದ ಕಡಲಜೀವಶಾಸ್ತ್ರದ ಅಧ್ಯಾಪಕರೂ ಶಿರಸಿಯ ನಾವೂ ಸೇರಿ ಪಾಠ ಮಾಡುವುದೆಂದು ನಿಶ್ಚಯವಾಗಿದೆ. ದೇವಿಮನೆ ಘಟ್ಟ ಇಳಿದು ಹತ್ತುವ ಶ್ರಮವಿಲ್ಲದೆ ಎರಡೂ ಊರಿನ ವಿದ್ಯಾರ್ಥಿಗಳು ಜೂಮ್‌ನಲ್ಲಿ ಕೂಡಲಿದ್ದಾರೆ. ಆಮಂತ್ರಣದ ಕರಡು ನನ್ನ ಪಾಲಿಗೆ ಬಂದಿದ್ದು, ‘ವೆಬಿನಾರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂಬಲ್ಲಿಗೆ ಬಂದು ತಡವರಿಸಿದ್ದೇನೆ.

2020ರ ಲಾಕ್‌ಡೌನಿನಿಂದೀಚೆಗೆ ನಾನು ಕಂಡ ಆಮಂತ್ರಣಗಳಲ್ಲಿ ವೆಬಿನಾರಿಗೂ ಮೀಟಿಂಗಿಗೂ ‘ಜಾಲಗೋಷ್ಠಿ’ ಎಂದೇ ಬರೆಯುತ್ತಾರೆ. ಜೂಮ್‌ನಲ್ಲಿ ಮಾತ್ರ ಇವೆರಡೂ ಬೇರೆ: ಮೀಟಿಂಗಿನಲ್ಲಿ ಬಂದವರೆಲ್ಲರೂ ಮುಖ ತೋರಿಸಿ ಮಾತನಾಡಬಹುದು, ಚಿಕ್ಕ ಗುಂಪುಗಳಾಗಿ ಬೇರೆ ಕೋಣೆಗಳಿಗೆ ಹೋಗಿ ಚರ್ಚಿಸಬಹುದು, ವೆಬಿನಾರಿನಲ್ಲಿ ಸಭಿಕರು ನೋಡಿ ಕೇಳುವವರಷ್ಟೇ ಆಗಿದ್ದು, ಪ್ರಶ್ನೆಯನ್ನು ಬರೆದು ಕಳಿಸಬೇಕು, ನಡೆಸುವವರು ಅವಕಾಶ ಕೊಟ್ಟರಷ್ಟೇ ಬಾಯಿ ತೆರೆಯಬೇಕು.

‘ವೆಬಿನಾರ್’ ಎಂಬುದು ವೆಬ್ ಮತ್ತು ಸೆಮಿನಾರ್ ಕೂಡಿ ಆದ ಪದ. ಸೆಮಿನಾರಿನ ಲ್ಯಾಟಿನ್ ಮೂಲಕ್ಕೆ ಬೀಜ ಬಿತ್ತುವ ಪಾತಿ, ಅಂದರೆ ನಮ್ಮ ತೋಟಿಗರ ಸಸಿಮಡಿ ಎಂಬ ಅರ್ಥವಿದೆ. ಸೆಮಿನಾರಿಗೆ ನಾವು ಬಳಸುವ ‘ಸಂಕಿರಣ’ದೊಳಗಿರುವ ಸಂಸ್ಕೃತದ ‘ಕೄ’ ಧಾತುವಿಗೂ ಚೆಲ್ಲು, ಎರಚು ಎಂಬ ಅರ್ಥವಿರುವುದರಿಂದ ಈ ಜೋಡಿ ನನಗೆ ಹಿಡಿಸಿದೆ, ಇದು ಕಾಕತಾಳೀಯವೇ ಆಗಿದ್ದರೂ. ‘ಗೋಷ್ಠಿ’ಯ ಮೂಲವಾದ ‘ಗೋಷ್ಠ’ವಾದರೋ ದನಗಳು ನಿಲ್ಲುವ ಜಾಗ. ಸಿಗ್ನಲ್ ಸಿಗುವುದು ಕೊಟ್ಟಿಗೆಯ ಪಕ್ಕದಲ್ಲಷ್ಟೇ ಎಂದು ಇಡೀ ಸೆಮಿಸ್ಟರ್ ಅಲ್ಲಿಯೇ ನಿಂತು ಪಾಠ ಕೇಳಿದ ನನ್ನ ವಿದ್ಯಾರ್ಥಿಯೊಬ್ಬನ ಮಟ್ಟಿಗೆ ಇದಕ್ಕಿಂತ ಸಾರ್ಥಕವಾದ ಪದವಿರಲಾರದು. ಆದರೆ ಬಳಕೆಯಲ್ಲಿ ಗೋಷ್ಠಿಯೆಂದರೆ ಕೂತವರು ಪರಸ್ಪರ ಮಾತನಾಡುವ ಕೂಟವೆಂಬ ಭಾವ ಗಟ್ಟಿಯಾಗಿದೆ. ಸಭಿಕರ ಮೈಕನ್ನೇ ತೆಗೆದಿಟ್ಟ ಕಾರ್ಯಕ್ರಮಕ್ಕೆ ಆ ಹೆಸರು ಒಪ್ಪುವುದಿಲ್ಲ. ಆದ್ದರಿಂದ ‘ಜಾಲಗೋಷ್ಠಿ’ಯನ್ನು ಮೀಟಿಂಗಿಗೆ ಉಳಿಸಿಕೊಂಡು ವೆಬಿನಾರಿಗೆ ‘ಜಾಲಸಂಕಿರಣ’ ಎನ್ನಬಹುದೆಂದು ನನ್ನ ಊಹೆ. ‘ಜಾಲ ಉಪನ್ಯಾಸ’ವೆಂದರೆ ಭಾಷಣಕಾರರು ಒಬ್ಬರೇ ಎಂದಾಗುತ್ತದೆ.

ಕಾರವಾರದ ಸಹೋದ್ಯೋಗಿಯೊಬ್ಬರ ತಕರಾರು ‘ಜಾಲ’ದ ಮೇಲೆಯೇ ಇದೆ: ಮೀನುಗಾರಿಕೆಯ ಪಾಠ ಹೇಳುವ ವಿಭಾಗದಿಂದ ‘ಜಾಲಸಂಕಿರಣ’ದ ಕರೆ ಹೋದರೆ ರಂಪಣಿ ಬಲೆಯ ಕುರಿತ ಸಭೆಯೆಂದು ತಿಳಿದಾರು ಎಂಬುದು ಅವರ ಮಾತು. ಹಾಸ್ಯಕ್ಕೆ ಹೇಳಿದರೂ ತಳ್ಳಿಹಾಕುವಂತಿಲ್ಲ. ‘ಅಂತರ್ಜಾಲ ಸಂಕಿರಣ’ ಎಂದು ಬಿಡಿಸಿ ಬರೆದರೆ ಈ ತೊಡಕು ನೀಗುತ್ತದೆ, ಪದ ಉದ್ದವಾಗುತ್ತದೆ.

‘ಮ್ಯೂಟ್’ ಎಂಬುದಕ್ಕೆ ‘ಮೂಕವಾಗಿಸಿ’ ಎಂದು ಬರೆಯುವುದು ನನಗೆ ಸರಿಕಾಣದು. ತರಗತಿಯಲ್ಲಿ ನಾನು ‘ಮೈಕ್ ಮುಚ್ಚಿ’, ‘ಮೈಕ್ ತೆರೆಯಿರಿ’ ಎನ್ನುತ್ತೇನೆ.

ಈ ಎರಡು ಬಗೆಯ ಕೂಟಗಳಿಗೆ ಬೇರೆಬೇರೆ ಕನ್ನಡ ಪದಗಳನ್ನು ಯಾರಾದರೂ ರೂಢಿಸಿಕೊಂಡಿದ್ದರೆ, ಅವನ್ನು ಬಳಸಿದ ಸಂದರ್ಭದ ಸಹಿತ ತಿಳಿಸಬೇಕಾಗಿ ವಿನಂತಿ.